ಏಳನೇ ಬೆಡ್ಡಿನ ಎರಡು ಕರೆ

ಹಾಲವ್ವ ಒಳಗೆ ಬಂದವಳು ಕುರ್ಚಿಯ ಅಂಚಿನಲ್ಲೇ ಕೂತಳು. ರಾಜಾಜಿನಗರದ ಆ ಮನೆ ನೀಲಾಂಬಿಕಾ ಅವರದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿಸಿ ನಿವೃತ್ತರಾದ ಅವರಿಗೆ ಊರವರ ಒಗಟು ಬಿಡಿಸುವುದು ಈಗಿನ ಚಟ. ಮಹಡಿಯ ಬಾಡಿಗೆದಾರ ನಾನು, ಗಿರಿರಾಜ್. ಬಟ್ಟೆ ವ್ಯಾಪಾರ ಬಿಟ್ಟ ಮೇಲೆ ಅವರ ಪತ್ತೇದಾರಿಕೆಗೆ ಬಾಲಂಗೋಚಿಯಾಗಿದ್ದೇನೆ.

“ಕೆಲಸ ಹೋದ್ರ ಹೋಗ್ಲಿ ರೀ ಮೇಡಮ್,” ಎಂದಳು ಹಾಲವ್ವ. “ನನ್ನ ಕಣ್ಣು ತಪ್ಪಿತ್ತೋ ಇಲ್ಲೋ, ಅಷ್ಟ ಹೇಳ್ರಿ. ಅದು ಗೊತ್ತಾಗದ ನಾ ಇನ್ನೊಬ್ಬ ಪೇಶಂಟಿನ ಹತ್ರ ಹೋಗಂಗಿಲ್ಲ.”

ಅವಳು ವಿಜಯನಗರದ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದಳು. ಹಿಂದಿನ ವಾರ ಮಧ್ಯಾಹ್ನ ಕರೆಗಂಟೆ ಎರಡು ಸಲ ಬಡಿದು, ನರ್ಸುಗಳ ಮೇಜಿನ ಪರದೆಯ ಮೇಲೆ ಎರಡು ಸಲವೂ ಏಳನೇ ಬೆಡ್ಡಿನ ನಂಬರ್ ಬಂತಂತೆ. ಓಡಿಹೋಗಿ ಅಲ್ಲಿನ ಮುದುಕರನ್ನು ಬಾತ್‌ರೂಮಿಗೆ ಕರೆದೊಯ್ದು ವಾಪಸ್ ಬರುವಷ್ಟರಲ್ಲಿ, ನಾಲ್ಕನೇ ಬೆಡ್ಡಿನ ಶಂಭುಲಿಂಗಪ್ಪನವರ ಉಸಿರು ನಿಂತಿತ್ತು. ಬೆಲ್ಲಿನ ಸ್ವಿಚ್ಚು ಇನ್ನೂ ಅವರ ಕೈಯಲ್ಲೇ ಇತ್ತು. ಕಂಪ್ಯೂಟರಿನ ದಾಖಲೆಯಲ್ಲಿ ನಾಲ್ಕರಿಂದ ಒಂದು ಕರೆ, ಏಳರಿಂದ ಒಂದು ಕರೆ ಎಂದಿತ್ತು. ಇವಳು ನಾಲ್ಕನ್ನು ನೋಡಲೇ ಇಲ್ಲ ಎಂದು ತೀರ್ಮಾನವಾಯಿತು, ಕೆಲಸದಿಂದ ತೆಗೆದರು.

“ಕುರುಬರಹಳ್ಳಿಗೆ ಹೋಗಿ, ಶಂಭುಲಿಂಗಪ್ಪಾರ ಹೆಂಡ್ತಿ ಬಸವ್ವಾರ ಕಾಲಿಗೆ ಬಿದ್ದು ಬಂದೆ ರೀ.”

“ತಪ್ಪು ಮಾಡಿದ್ದೀಯೋ ಇಲ್ವೋ ಗೊತ್ತಿಲ್ದೇನಾ?” ಎಂದೆ.

“ಎಲ್ಲಾರೂ ಹೇಳಿದ್ರಲ್ರೀ. ನಾನೂ ನಂಬಿಬಿಟ್ಟೆ.”

ಆ ಕರೆಗಂಟೆಯ ವ್ಯವಸ್ಥೆ ತಯಾರಿಸಿದವರು ಬಸವೇಶ್ವರನಗರದ ಗೌತಮ್ ಮತ್ತು ಸೌಂದರ್ಯಾ ಎಂದು ತಿಳಿದಾಗ ನೀಲಾಂಬಿಕಾ ಕನ್ನಡಕ ತೆಗೆದು ಒರೆಸಿದರು. “ಸೌಂದರ್ಯಾ ನನ್ನ ಸ್ಟೂಡೆಂಟು. ಒಳ್ಳೇ ಹುಡುಗಿ,” ಎಂದರು.

ಮರುದಿನ ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ಜಂಬಣ್ಣ ನಮ್ಮನ್ನು ಸೌಜನ್ಯದಿಂದಲೇ ಕೂರಿಸಿದರು. “ಅವತ್ತು ಸಂಜೆನೇ ಸೌಂದರ್ಯಾಗೆ ಫೋನ್ ಮಾಡಿದೆ. ನಾಲ್ಕರ ಪೇಶಂಟ್ ಹೋಗ್ಬಿಟ್ರು, ನಮ್ಮ ಸಿಸ್ಟರ್ ಸ್ಕ್ರೀನಲ್ಲಿ ನಾಲ್ಕು ಬರಲೇ ಇಲ್ಲ ಅಂತಾಳೆ ಅಂದೆ, ಅಷ್ಟೆ. ‘ಸಾರ್, ಇನ್ನೊಂದು ಬೆಲ್ಲೂ ಅದರ ಜೊತೆಗೇ ಒತ್ತಿದ್ರಾ?’ ಅಂತ ಕೇಳಿದ್ಲು. ಎಷ್ಟು ಚೆನ್ನಾಗಿ ವಿಚಾರಿಸ್ತಾಳೆ ನೋಡಿ! ಮಾರನೇ ದಿನ ಮಧ್ಯಾಹ್ನ ಎಲ್ಲಾ ಬೆಲ್ಲೂ ಒಂದೊಂದಾಗಿ, ಆಮೇಲೆ ಒಟ್ಟಿಗೇ ಒತ್ತಿ ನೋಡಿದ್ವಿ. ಒಂದೂ ತಪ್ಪಿಲ್ಲ.”

ಹಾಗೆ ಒತ್ತಿ ನೋಡಿದ ದಿನ ಬೆಳಿಗ್ಗೆ ಪರದೆ ತಾನಾಗಿಯೇ ಆರಿ ಹತ್ತಿತೆಂದು ನೆಲ ಒರೆಸುತ್ತಿದ್ದ ಆಯಾ ಹೇಳಿದಳು. ಏಳನೇ ಬೆಡ್ಡಿನ ಕೃಷ್ಣಪ್ಪ ಇನ್ನೂ ಅಲ್ಲೇ ಇದ್ದರು. “ನಾನು ಒಂದೇ ಸಲ ಒತ್ತಿದ್ದು ಕಣಮ್ಮ. ಆ ಹುಡುಗಿ ಓಡಿ ಬಂದೇಬಿಟ್ಲಲ್ಲ, ಇನ್ನೊಂದು ಸಲ ಯಾಕೆ ಒತ್ಲಿ?” ಎಂದರು.

ಗೌತಮ್ ಆಫೀಸಿನಲ್ಲಿ ಒಬ್ಬನೇ ಸಿಕ್ಕ. ಬಾಯಿ ಜೋರು. “ಲಾಗ್ ಸುಳ್ಳು ಹೇಳಲ್ಲ ಮೇಡಮ್, ಬೇಕಾದ್ರೆ ಪೂರ್ತಿ ತಗೊಂಡ್ಹೋಗಿ,” ಎಂದು ದಾಖಲೆಯನ್ನು ಕೊಟ್ಟೇಬಿಟ್ಟ. ಗಿರಾಕಿಗಳಿಗೆ ತೋರಿಸಲು ಸದಾ ಬ್ಯಾಗಿನಲ್ಲಿಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆಯನ್ನೂ ತೆಗೆದ. ಅದಕ್ಕೊಂದು ಪರದೆ, ಒಂದೇ ಒಂದು ಬೆಲ್ಲು. “ನಮ್ಮ ಟೆಸ್ಟಿಂಗ್ ಎಲ್ಲಾ ಇದ್ರಲ್ಲೇ,” ಎಂದ.

ಹೊರಗೆ ಬಂದ ಕೂಡಲೇ, “ಇವನೇ ಕಣ್ರೀ,” ಎಂದೆ.

“ಜೋರಾಗಿ ಮಾತಾಡೋರೆಲ್ಲ ಕಳ್ಳರಾದ್ರೆ ನಿಮ್ಮನ್ನ ಯಾವತ್ತೋ ಒಳಗೆ ಹಾಕ್ಬೇಕಿತ್ತು, ಗಿರಿರಾಜ್,” ಎಂದರು ನೀಲಾಂಬಿಕಾ. ಆದರೆ ಅವರ ಮುಖದಲ್ಲಿ ನಗು ಇರಲಿಲ್ಲ.

ಭಾನುವಾರ ಡಾಕ್ಟರ ಕೋಣೆಯಲ್ಲಿ ಗೌತಮ್, ಸೌಂದರ್ಯಾ ಸಮೇತ ಎಲ್ಲರೂ ಸೇರಿದೆವು. ಬಸವ್ವನವರು ಹಾಲವ್ವನತ್ತ ತಿರುಗಿಯೂ ನೋಡಲಿಲ್ಲ. ನೀಲಾಂಬಿಕಾ ಗೌತಮನ ಪೆಟ್ಟಿಗೆಗೆ ಎರಡನೆಯ ಬೆಲ್ಲೊಂದನ್ನು ಹಾಕಿಸಿದ್ದರು. ನಾಲ್ಕರ ಸ್ವಿಚ್ಚು ನನ್ನ ಕೈಗೆ ಬಂತು, ಏಳರದು ಅವರ ಕೈಯಲ್ಲಿ. ಒಬ್ಬರ ಹಿಂದೊಬ್ಬರು ತಟ್ಟನೆ ಒತ್ತಿದೆವು. ಮೊದಲ ಸಲ ನಾಲ್ಕು, ಏಳು ಎಂದು ಸರಿಯಾಗಿಯೇ ಬಂತು. ಇನ್ನೂ ಬೇಗ ಒತ್ತಿದೆವು. ಪೆಟ್ಟಿಗೆ ಎರಡು ಸಲ ಬಡಿಯಿತು. ಪರದೆಯ ಮೇಲೆ ಏಳು, ಮತ್ತೆ ಏಳು. ದಾಖಲೆಯಲ್ಲಿ ಮಾತ್ರ ನಾಲ್ಕು ಮತ್ತು ಏಳು.

“ಇದರೊಳಗೆ ಸಂದೇಶ ಕಳಿಸೋದು ಸೌಂದರ್ಯಾ ಸಿ ಭಾಷೇಲಿ ಬರೆದಿರೋ ಲೈಬ್ರರಿ, ಅಂದ್ರೆ ಬೇರೆ ಪ್ರೋಗ್ರಾಮುಗಳು ಕರೆದು ಬಳಸೋ ಸಿದ್ಧ ಕೋಡು,” ಎಂದರು ನೀಲಾಂಬಿಕಾ. “ಅದಕ್ಕೆ ‘ಕಳಿಸು’ ಅಂದ್ರೆ ‘ಆಯ್ತು’ ಅಂತ ಆ ಕ್ಷಣವೇ ಹೇಳುತ್ತೆ, ಯಾರನ್ನೂ ಕಾಯಿಸಲ್ಲ. ನಿಜವಾಗಿ ಕಳಿಸೋದು ಆಮೇಲೆ. ಕಳಿಸಿ ಮುಗಿದ ಮೇಲೆ ತಾನೇ ಬಂದು ತಿಳಿಸುತ್ತೆ. ಅಲ್ಲೀವರೆಗೂ ಸಂದೇಶ ಇಟ್ಟ ಜಾಗ ಮುಟ್ಟಬಾರದು. ಆದರೆ ಈ ಬೆಲ್ಲಿನ ಕೋಡು ಎಲ್ಲಾ ಕರೆಗೂ ಒಂದೇ ಜಾಗ ಬಳಸುತ್ತೆ. ಸ್ಲೇಟಿನ ಮೇಲೆ ನಾಲ್ಕು ಅಂತ ಬರೆದು, ‘ಇದನ್ನ ಕೂಗಿ ಹೇಳಪ್ಪಾ’ ಅಂತ ಒಬ್ಬನಿಗೆ ಹೇಳ್ತೀರಿ. ಅವನು ಹ್ಞೂಂ ಅಂತಾನೆ. ತಿರುಗಿ ನೋಡೋದ್ರೊಳಗೆ ಒರೆಸಿ ಏಳು ಅಂತ ಬರೆದು, ‘ಇದನ್ನೂ ಕೂಗು’ ಅಂತೀರಿ. ಅವನು ಎರಡು ಸಲವೂ ಏಳು ಅಂತಲೇ ಕೂಗ್ತಾನೆ. ಲಾಗ್ ಬರೆದಿರೋದು ಅವನು ಹ್ಞೂಂ ಅಂದಾಗ, ಕೂಗಿದಾಗಲ್ಲ. ಟೆಸ್ಟ್ ಮಾಡೋ ಪೆಟ್ಟಿಗೇಲಿ ಒಂದೇ ಬೆಲ್ಲು, ಹಾಗಾಗಿ ಈ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಕೃಷ್ಣಪ್ಪನವರು ಒತ್ತಿದ್ದು ಒಂದೇ ಸಲ, ಹಾಲವ್ವನಿಗೆ ಬಡಿದದ್ದು ಎರಡು ಸಲ. ಇಬ್ಬರೂ ಹೇಳಿದ್ದು ನಿಜ.”

“ಮತ್ತೆ ನಾವು ನೋಡಿದಾಗ ಸರಿಯಾಗಿತ್ತಲ್ಲ?” ಎಂದರು ಡಾಕ್ಟರು.

“ಅಷ್ಟರಲ್ಲಿ ಯಾರೋ ದೂರದಿಂದಲೇ ಕೋಡು ಬದಲಾಯಿಸಿದ್ರು. ಬೆಳಿಗ್ಗೆ ಪರದೆ ಆರಿ ಹತ್ತಿದ್ದು ಅದಕ್ಕೆ. ಗೌತಮ್ ಅಲ್ಲ. ಗೊತ್ತಿದ್ದವನು ಲಾಗನ್ನ ಕೈಗೆ ಕೊಟ್ಟು, ಹಳೇ ಕೋಡಿರೋ ಪೆಟ್ಟಿಗೇನೂ ಹೊತ್ತು ತರ್ತಿದ್ನಾ? ಡಾಕ್ಟ್ರೇ, ನೀವು ಫೋನಲ್ಲಿ ಹೇಳಿದ್ದು ನಾಲ್ಕರ ವಿಷಯ ಮಾತ್ರ. ಇನ್ನೊಂದು ಬೆಲ್ಲಿನ ಮಾತು ಎತ್ತಿದ್ದು ಯಾರು?”

ಎಲ್ಲರೂ ಸೌಂದರ್ಯಾಳತ್ತ ನೋಡಿದರು. ನನಗೆ ಅವಳ ಮುಖ ನೋಡಲಾಗಲಿಲ್ಲ.

“ಹೌದು ಮೇಡಮ್,” ಎಂದಳು. “ಫೋನಲ್ಲಿ ಮಾತಾಡ್ತಿದ್ದ ಹಾಗೇ ಹೊಳೀತು. ಇನ್ನೊಬ್ರಿಗೆ ಹೀಗಾಗಬಾರದು ಅಂತ ಮೊದಲು ಸರಿ ಮಾಡ್ದೆ. ಆಮೇಲೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಸಿಸ್ಟರನ್ನ ಕಳಿಸಿಬಿಟ್ಟಿದ್ರು. ದಿನ ಕಳೆದ ಹಾಗೆ ಬಾಯೇ ಬರಲಿಲ್ಲ.”

“ಕೋಡು ತಪ್ಪಿದ್ದಕ್ಕೆ ನಾನು ಬೈಯಲ್ಲ ಕಣೇ, ಎಲ್ಲರಿಗೂ ತಪ್ಪುತ್ತೆ. ಒಬ್ಬಳು ತನ್ನ ಕಣ್ಣನ್ನೇ ನಂಬದ ಹಾಗೆ ಮಾಡಿದ್ಯಲ್ಲ!” ಎಂದರು ನೀಲಾಂಬಿಕಾ.

ಹಾಲವ್ವ ನಿಧಾನವಾಗಿ ಕೇಳಿದಳು: “ನಾ ಕುರುಬರಹಳ್ಳಿಗೆ ಹೋದಾಗ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು,” ಎಂದಳು ಸೌಂದರ್ಯಾ.

ಡಾಕ್ಟರು ಎದ್ದು ನಿಂತು, ತಪ್ಪಾಯಿತು, ನಾಳೆಯಿಂದಲೇ ಕೆಲಸಕ್ಕೆ ಬಾ ಎಂದರು. ಯಾರಿಗೂ ಅದು ದೊಡ್ಡ ಮಾತೆನಿಸಲಿಲ್ಲ.

ಬಸವ್ವನವರು ಆಗ ಹಾಲವ್ವನ ಮುಂದೆ ಬಂದು ನಿಂತರು.

“ನೀನು ಗೇಟ್ ದಾಟಿ ಹೋದ್ಮೇಲೆ ದೇವರ ಮನೆಗೆ ಹೋಗಿ, ದೀಪದ ಮುಂದೆ ನಿಂತು ನಿಂಗೆ ಶಾಪ ಹಾಕ್ದೆ ಮಗಳೇ. ನಿನ್ನ ಹೊಟ್ಟೇಲಿ ಹುಟ್ಟೋ ಮಕ್ಕಳಿಗೂ ತಗಲಲಿ ಅಂದೆ. ಈಗ ಅದನ್ನ ಹ್ಯಾಗೆ ವಾಪಸ್ ತಗೊಳ್ಲಿ?”

ಹಾಲವ್ವ ಬಸವ್ವನವರ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ, ಯಾರೂ ಕೇಳದಿದ್ದರೂ, ಅವರ ನಾಡಿ ಹಿಡಿದು ಗಡಿಯಾರ ನೋಡತೊಡಗಿದಳು.