ಮಂಗಳವಾರದ ಕಲ್ಲುಗಳು

"ನಿಮ್ಮ ಈ ರೌಡಿನ ನೀವೇ ಇಟ್ಕೊಳ್ಳಿ."

ಹಲ್ಲಿನ ಡಾಕ್ಟರು ನೀರು ತುಂಬಿದ ಕವರನ್ನು ಅಕ್ವೇರಿಯಂ ಅಂಗಡಿಯವನ ಮೇಜಿನ ಮೇಲಿಟ್ಟಳು. ಒಳಗಿದ್ದ ನೀಲಿ ಮೀನು ಏನೂ ಅರಿಯದ ಪಾಪದವನಂತೆ ಬಾಯಿ ತೆರೆದು ಮುಚ್ಚುತ್ತಿತ್ತು.

ಹಲ್ಲು ಕೀಳಿಸಿಕೊಳ್ಳಲು ಬರುವ ಮಕ್ಕಳು ಮೀನು ನೋಡುತ್ತ ಅಳು ಮರೆಯಲಿ ಎಂದು ತಾನೇ ಅವಳು ಕ್ಲಿನಿಕ್ಕಿನಲ್ಲಿ ತೊಟ್ಟಿ ಇಡಿಸಿದ್ದು? ಈಗ ಈ ಮಹಾಶಯ ಪುಟ್ಟ ಗಪ್ಪಿ ಮೀನುಗಳನ್ನು ಅಟ್ಟಾಡಿಸುವುದನ್ನು ಕಂಡು ಮಕ್ಕಳು ಇನ್ನಷ್ಟು ಅಳುತ್ತಿದ್ದವು.

ಅವನು ಮೀನನ್ನು ನೋಡಿದ. ಆಮೇಲೆ ಅವಳನ್ನು ನೋಡಿದ... ಸ್ವಲ್ಪ ಹೆಚ್ಚೇ ಹೊತ್ತು.

"ಇವನು ಕೆಟ್ಟವನಲ್ಲ ಡಾಕ್ಟ್ರೇ. ತೊಟ್ಟಿಯ ಒಂದು ಮೂಲೆ ತನ್ನದು ಅಂದ್ಕೊಂಡಿದ್ದಾನೆ. ಮನೆ ಕಾಯ್ತಿದ್ದಾನೆ ಅಷ್ಟೇ."

"ಹಾಗಂತ ಬಂದವರನ್ನೆಲ್ಲ ಕಚ್ಚೋದಾ?"

"ನೀವು ಬಂದವರ ಹಲ್ಲೇ ಕೀಳ್ತೀರಲ್ಲ."

ನಗಬಾರದು ಅಂದುಕೊಂಡಳು. ನಗು ಬಂದೇಬಿಟ್ಟಿತು.

ಮೀನನ್ನು ಅವನು ವಾಪಸು ತೆಗೆದುಕೊಳ್ಳಲಿಲ್ಲ. ಬದಲಿಗೆ ಮಂಗಳವಾರ ನಾಲ್ಕು ಗಂಟೆಗೆ ಕ್ಲಿನಿಕ್ಕಿಗೆ ಬಂದು, ಅಂಗಿಯ ತೋಳು ಮಡಿಸಿ, ತೊಟ್ಟಿಯೊಳಗಿನ ಕಲ್ಲು, ಗಿಡಗಳ ಜಾಗ ಬದಲಿಸಿದ. ಹೀಗೆ ಮಾಡಿದರೆ ಮೀನಿಗೆ ತನ್ನ ಮನೆ ಯಾವುದೆಂದೇ ತಿಳಿಯುವುದಿಲ್ಲ, ಹುಡುಕುವುದರಲ್ಲೇ ಜಗಳ ಮರೆಯುತ್ತದೆ ಎಂದ. ಒಂದೇ ಸಲಕ್ಕೆ ಆಗುವ ಕೆಲಸವಲ್ಲ, ವಾರವಾರ ಬರಬೇಕಾಗುತ್ತದೆ ಎಂದೂ ಸೇರಿಸಿದ.

ಕ್ಲಿನಿಕ್ಕಿನ ಮುಂಬಾಗಿಲಲ್ಲಿ ಕೂತು ರೋಗಿಗಳ ಹೆಸರು ಬರೆದುಕೊಳ್ಳುವ ಅವಳ ಸೋದರತ್ತೆ ಆ ಮೀನಿಗೆ 'ಯಜಮಾನ್ರು' ಎಂದು ಹೆಸರಿಟ್ಟಳು. ಕೆಲಸ ಮುಗಿದ ಮೇಲೆ ಕಾಫಿ ಕೊಟ್ಟಳು. ಅವನು ಎಡಗೆನ್ನೆಯಲ್ಲಿ ಮಾತ್ರ ಕಾಫಿ ಹೀರುವುದನ್ನು ಡಾಕ್ಟರು ಗಮನಿಸಿದಳು. ಕೇಳಲು ನಾಚಿಕೆಯಾಯಿತು.

ಮಂಗಳವಾರ ನಾಲ್ಕಕ್ಕೆ ಯಾವ ರೋಗಿಗೂ ಸಮಯ ಕೊಡಬೇಡಿ ಎಂದು ಅವಳು ಹೇಳಿದಾಗ ಅತ್ತೆ ಕನ್ನಡಕದ ಮೇಲಿಂದ ಒಮ್ಮೆ ನೋಡಿದಳು, ಅಷ್ಟೇ.

ಐದನೆಯ ಮಂಗಳವಾರ ತೊಟ್ಟಿ ಶಾಂತವಾಗಿತ್ತು. ಇನ್ನು ತಾನು ಬರುವ ಅಗತ್ಯವಿಲ್ಲವೇನೋ, ಮುಂದಿನ ವಾರ ಒಮ್ಮೆ ನೋಡಿ ಮುಗಿಸುತ್ತೇನೆ ಎಂದು ಅವನು ತೋಳು ಇಳಿಸಿಕೊಂಡ.

ಖುಷಿಯಾಗಬೇಕಿತ್ತು. ಯಾಕೋ ಎದೆ ಖಾಲಿಯಾಯಿತು... ಮುಗಿಸುವುದಾ?

ಮುಂದಿನ ಸೋಮವಾರ, ಅತ್ತೆ ಮನೆಗೆ ಹೊರಟ ಮೇಲೆ, ಡಾಕ್ಟರು ತೋಳು ಮಡಿಸಿ ತೊಟ್ಟಿಗೆ ಕೈ ಹಾಕಿದಳು. ಒಂದೊಂದೇ ಕಲ್ಲನ್ನು ಮೊದಲಿದ್ದ ಜಾಗಕ್ಕೆ ತಂದಿಟ್ಟಳು!

ಮರುದಿನ ಬೆಳಿಗ್ಗೆ ಯಜಮಾನ್ರು ತಮ್ಮ ಹಳೆಯ ಮೂಲೆಯಲ್ಲಿ ಮೀಸೆ ತಿರುವುತ್ತಿದ್ದರು. ಕಿತ್ತಳೆ ಬಣ್ಣದ ಗಪ್ಪಿಯ ಬಾಲ ಹರಿದಿತ್ತು.

ಅವಳು ಗಾಜಿನ ಮುಂದೆ ಬಗ್ಗಿದಳು. 'ಅವನನ್ನು ನೋಡುವ ಆಸೆಗೆ ನಾನು ಮಾಡಿದ್ದು ಇದನ್ನಾ?'

ಅವನು ಬಂದ. ಗಪ್ಪಿಯನ್ನು ನೋಡಿದ, ಕಲ್ಲುಗಳನ್ನು ನೋಡಿದ. ಮುಖ ಬಾಡಿತು. ಕಲ್ಲುಗಳನ್ನು ಸರಿಸಿ, ನೀಲಿ ಮೀನನ್ನು ಹಿಡಿದು ಕವರಿಗೆ ಹಾಕಿಕೊಂಡ.

"ಇವನನ್ನ ಕರ್ಕೊಂಡು ಹೋಗ್ತೀನಿ. ಇನ್ನು ನಿಮಗೆ ತೊಂದರೆ ಇರಲ್ಲ."

ಕಾಫಿಗೂ ನಿಲ್ಲಲಿಲ್ಲ.

ಅವನಿಗೆ ಗೊತ್ತಾಗಿದೆ, ನನ್ನ ಮೇಲೆ ಅಸಹ್ಯ ಬಂದಿದೆ ಎಂದೇ ಅವಳು ತಿಳಿದಳು. ಗಪ್ಪಿಯ ಬಾಲ ದಿನದಿನಕ್ಕೆ ಚಿಗುರಿತು. ಅವಳ ಮುಖ ಮಾತ್ರ ಚಿಗುರಲಿಲ್ಲ.

"ತೊಟ್ಟೀಲಿ ಜಗಳ ಇಲ್ಲ, ಕ್ಲಿನಿಕ್ಕಲ್ಲಿ ಜೀವ ಇಲ್ಲ," ಎಂದಳು ಅತ್ತೆ. "ಇವತ್ತು ಮಂಗಳವಾರ, ನಾಲ್ಕು ಗಂಟೆ ಇನ್ನೂ ಖಾಲಿ ಇದೆ. ಎದ್ದು ಹೋಗಮ್ಮ."

ಹೋದಳು. ಅಂಗಡಿಯ ಅದೇ ಮೇಜಿನ ಮುಂದೆ ನಿಂತು, ತಲೆ ತಗ್ಗಿಸಿ, ಒಂದೇ ಉಸಿರಿಗೆ ಹೇಳಿದಳು.

"ಕಲ್ಲು ಇಟ್ಟಿದ್ದು ನಾನು. ನೀವು ಬರೋದು ನಿಲ್ಲಬಾರ್ದು ಅಂತ."

"ಅವತ್ತೇ ಗೊತ್ತಾಯ್ತು ಡಾಕ್ಟ್ರೇ. ಕಲ್ಲಿಗೆ ಕಾಲಿಲ್ಲವಲ್ಲ. ಯಾಕೆ ಅಂತ ಮಾತ್ರ ಗೊತ್ತಾಗಿರಲಿಲ್ಲ."

"ಮತ್ತೆ ಬೈಲಿಲ್ಲ ಯಾಕೆ?"

"ಯಾವ ಬಾಯಲ್ಲಿ ಬೈಲಿ?" ಅವನು ಹಿಂದಿನ ಚಿಕ್ಕ ತೊಟ್ಟಿ ತೋರಿಸಿದ. ನೀಲಿ ಮೀನು ಅಲ್ಲಿ ಒಂಟಿಯಾಗಿತ್ತು. "ಇವನನ್ನ ಒಂದು ವಾರ ಹೊರಗಿಟ್ಟು, ಕಲ್ಲು ಬದಲಿಸಿ, ಕೊನೆಗೆ ಹೊಸಬನ ಹಾಗೆ ಬಿಡಬೇಕಿತ್ತು. ಮೊದಲ ದಿನವೇ ನೀವು ಕೈಗೆ ತಂದು ಕೊಟ್ರಿ. ನಾನೇ ವಾಪಸ್ ಕಳಿಸ್ದೆ... ವಾರವಾರ ಬರ್ಬೋದು ಅಂತ. ಆ ಗಪ್ಪಿ ಬಾಲದಲ್ಲಿ ಅರ್ಧ ಪಾಪ ನಂದು."

ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

"ಇವತ್ತಿಗೆ ವಾರ ಆಯ್ತಲ್ಲ," ಎಂದಳು. "ಬನ್ನಿ, ಇವನನ್ನ ಮನೆಗೆ ಕರ್ಕೊಂಡು ಹೋಗೋಣ."

ಕ್ಲಿನಿಕ್ಕಿನಲ್ಲಿ ಇಬ್ಬರೂ ಸೇರಿ ಮತ್ತೊಮ್ಮೆ ಕಲ್ಲು ಜೋಡಿಸಿ, ಮೀನನ್ನು ಬಿಟ್ಟರು. ಯಜಮಾನ್ರು ಮೊದಲ ಸಲ ಬೀಗರ ಮನೆಗೆ ಬಂದವರಂತೆ ಸಂಕೋಚದಿಂದ ಸುತ್ತಿದರು. ಕಿತ್ತಳೆ ಗಪ್ಪಿ ಮುಂದೆಯೇ ಹಾದುಹೋಯಿತು. ಯಜಮಾನ್ರು ಅಟ್ಟಿಸಿಕೊಂಡು ಹೋಗಲಿಲ್ಲ!

ಅತ್ತೆ ಇದ್ದಕ್ಕಿದ್ದಂತೆ ಕಾಫಿಪುಡಿ ತರುವುದು ನೆನಪಾಗಿ ಹೊರನಡೆದಳು.

"ಇನ್ನು ಬರೋಕೆ ನನಗೆ ನೆಪ ಇಲ್ಲ," ಎಂದ ಅವನು.

"ಬಲಗಡೆ ಹಿಂದಿನ ಹಲ್ಲು. ಒಂದೂವರೆ ತಿಂಗಳಿಂದ ನೋವಿದೆ ಅಲ್ವಾ?"

ಅವನು ಬೆಚ್ಚಿ ಕೆನ್ನೆ ಮುಟ್ಟಿಕೊಂಡ. "ನಿಮ್ಮ ಆ ಕುರ್ಚಿ ಅಂದ್ರೆ ನಂಗೆ ಭಯ."

"ಮೀನು ನೋಡ್ತಾ ಕೂತ್ಕೊಳ್ಳಿ. ನಾನು ಕೈ ಹಿಡ್ಕೊಂಡಿರ್ತೀನಿ."

"ಕೈ ಹಿಡ್ಕೊಂಡ್ರೆ ಹಲ್ಲು ನೋಡೋದು ಹೇಗೆ?"

ತೊಟ್ಟಿಯ ನೀರಿನಿಂದ ಇನ್ನೂ ಒದ್ದೆಯಾಗಿದ್ದ ಅವನ ಕೈಯನ್ನು ಅವಳು ತನ್ನ ಒದ್ದೆ ಕೈಯಲ್ಲಿ ತೆಗೆದುಕೊಂಡಳು.

"ಹಲ್ಲು ನಾಳೆ ನೋಡೋಣ."