ಜಡೆ ಡಿಸೈನಿನ ಕಾಲುಚೀಲ

"ಈ ಕಾಲಿಗೆ ಏನು ಚುಚ್ಚಿದ್ರೂ ಗೊತ್ತಾಗಲ್ಲ. ಇಂಥ ಕಾಲಿಗೆ ಯಾವ ಡಿಸೈನು ಹೆಣೀಬೇಕು, ಹೇಳಿ."

ಮೇಜಿನ ಮೇಲೆ ಒಂದು ಕಾಗದ ಬಿಡಿಸಿಟ್ಟು ಅವನು ಕೇಳಿದ. ಅದರ ಮೇಲೆ ಪೆನ್ಸಿಲಿನಲ್ಲಿ ಸುತ್ತು ಎಳೆದ ಹೆಂಗಸೊಬ್ಬಳ ಪುಟ್ಟ ಪಾದ.

ಉಣ್ಣೆಯ ಉಂಡೆಗಳನ್ನು ಜೋಡಿಸುತ್ತಿದ್ದ ಅಂಗಡಿಯವಳ ಕೈ ಅಲ್ಲೇ ನಿಂತಿತು. ಬೀದಿಯವರೆಲ್ಲ ಅವಳನ್ನು ಕರೆಯುವುದು ನೂಲಕ್ಕ ಎಂದೇ. ಮರಗಳು ಎಲೆ ಉದುರಿಸಲು ಶುರುಮಾಡಿದರೆ ಸಾಕು, ಚಳಿಗೆ ಮುಂಚೆ ಕಾಲುಚೀಲ ಹೆಣೆದು ಮುಗಿಸಬೇಕೆಂದು ಅವಳ ಅಂಗಡಿಗೆ ಹೆಂಗಸರ ಸಾಲು. ಆದರೆ ಕೈಗೆ ಗ್ರೀಸು ಮೆತ್ತಿದ ಗಂಡಸು... ಇದೇ ಮೊದಲು!

"ಯಾರು ಹೆಣೆಯೋದು?"

"ನಾನೇ."

"ಬರುತ್ತಾ?"

"ಇಲ್ಲ. ನೀವು ಕಲಿಸ್ಬೇಕು."

"ಆಟ ಅಂದ್ಕೊಂಡ್ರಾ? ರೆಡಿಮೇಡ್ ತಗೊಂಡು ಹೋಗಿ, ಎದುರಿನ ಅಂಗಡೀಲಿ ಸಿಗುತ್ತೆ."

"ಹೋದ ವರ್ಷ ಅದೇ ತಂದಿದ್ದೆ. ಒಳಗಿನ ಹೊಲಿಗೆ ಒತ್ತಿ ಗುಳ್ಳೆ ಎದ್ದಿತ್ತು. ಸಕ್ಕರೆ ಕಾಯಿಲೆ, ಕಾಲಿಗೆ ಸ್ಪರ್ಶವೇ ಇಲ್ಲ. ಗಾಯ ಮಾಯೋಕೆ ಮೂರು ತಿಂಗಳು ಬೇಕಾಯ್ತು..."

ತಾನು ಆಡಿದ ಮಾತಿಗೆ ನೂಲಕ್ಕನಿಗೆ ನಾಚಿಕೆಯಾಯಿತು.

"ಶನಿವಾರ ಮಧ್ಯಾಹ್ನ ಬನ್ನಿ," ಎಂದಳು ಮೆತ್ತಗೆ.

ಅವನು ಲಿಫ್ಟ್ ರಿಪೇರಿ ಮಾಡುವವನು. ಒರಟು ಬೆರಳಿಗೆ ಉಣ್ಣೆ ಸಿಕ್ಕಿಕೊಳ್ಳುತ್ತಿತ್ತು, ಕಡ್ಡಿಯಿಂದ ಕುಣಿಕೆಗಳು ಜಾರುತ್ತಿದ್ದವು.

"ಕಡ್ಡಿ ಓಡಿಹೋಗಲ್ಲ ಮಾರಾಯ್ರೇ! ಕತ್ತು ಹಿಸುಕೋ ಹಾಗೆ ಹಿಡೀಬೇಡಿ."

ಅವನು ಸಿಟ್ಟಾಗುತ್ತಿರಲಿಲ್ಲ. ಬಿಚ್ಚಿ ಮತ್ತೆ ಹೆಣೆಯುತ್ತಿದ್ದ. "ಎರಡು ಮಹಡಿ ನಡುವೆ ಲಿಫ್ಟ್ ನಿಂತ್ರೆ ಒಳಗಿದ್ದೋರು ಕಿರುಚ್ತಾರೆ. ರಿಪೇರಿಗಿಂತ ಅವರನ್ನ ಸಮಾಧಾನ ಮಾಡೋದೇ ದೊಡ್ಡ ಕೆಲಸ. ತಾಳ್ಮೆ ಅಲ್ಲೇ ಕಲ್ತಿದ್ದು," ಎನ್ನುತ್ತಿದ್ದ.

ಮೊದಲ ಜೊತೆಗೆ ಅವಳೇ ಡಿಸೈನು ಆರಿಸಿದಳು. ಗೆರೆ ಬೇಡ, ಹೂವು ಬೇಡ. ಪಾದದಲ್ಲಿ ಎಲ್ಲೂ ಹೊಲಿಗೆಯಿಲ್ಲದ ಸಾದಾ ಹೆಣಿಗೆ.

ಮೂರು ಶನಿವಾರ ಕಳೆದವು. ತಂಗಿಯರಿಬ್ಬರನ್ನು ದಡ ಸೇರಿಸುವ ಹೊತ್ತಿಗೆ ನೂಲಕ್ಕನಿಗೆ ಮೂವತ್ತಾರು ದಾಟಿತ್ತು. ಅವಳ ಮದುವೆಯ ಮಾತೆತ್ತುವವರು ಯಾರೂ ಉಳಿದಿರಲಿಲ್ಲ. ಅವಳೂ ಅದನ್ನು ಮರೆತಿದ್ದಳು. ಮರೆತಿದ್ದೇನೆ ಎಂದುಕೊಂಡಿದ್ದಳು!

ನಾಲ್ಕನೆಯ ಶನಿವಾರ ಅವನು ನಗುತ್ತಲೇ ಒಳಗೆ ಬಂದ.

"ನಮ್ಮನೆಯವರಿಗೆ ತುಂಬಾ ಹಿಡಿಸ್ತು ಕಣ್ರೀ! ಈಗ ಇನ್ನೊಂದು ಜೊತೆ, ಜಡೆ ಡಿಸೈನೇ ಬೇಕು ಅಂತ ಮಗು ಥರ ಹಠ."

ಮನೆಯವರು...

ಹೆಂಡತಿ! ಮತ್ತಿನ್ಯಾರಿಗೆ ಗಂಡಸೊಬ್ಬ ಇಷ್ಟು ಕಷ್ಟಪಟ್ಟು ಹೆಣೆಯುತ್ತಾನೆ? ಶನಿವಾರ ಮಾತ್ರ ತಾನು ಮುತ್ತಿನ ಓಲೆ ಹಾಕಿಕೊಂಡು ಬರುವುದು ಅವಳಿಗೆ ಆಗ ಹೊಳೆಯಿತು. ಮೈಯೆಲ್ಲ ಹಿಡಿಯಷ್ಟಾಯಿತು.

"ಹಾಗಾದ್ರೆ ಜಡೆಯನ್ನೇ ಹೆಣೀರಿ," ಎಂದು ಡಿಸೈನಿನ ಹಾಳೆ ಮುಂದೆ ತಳ್ಳಿದಳು.

ಒಂದು ಮಾತು ಹೇಳಬೇಕಿತ್ತು. ಜಡೆ ದಪ್ಪಗೆ ಉಬ್ಬಿ ನಿಲ್ಲುತ್ತದೆ. ಹಿಮ್ಮಡಿಯಿಂದ ಮೇಲಕ್ಕೆ ಮಾತ್ರ ಇರಲಿ, ಪಾದಕ್ಕೆ ಇಳಿಸಬೇಡಿ ಎಂದು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ನುಂಗಿಕೊಂಡಳು.

"ಇನ್ಮೇಲೆ ಬರೋ ಅಗತ್ಯ ಇಲ್ಲ. ಕಲ್ತಾಯ್ತಲ್ಲ."

ಅವನ ಮುಖ ಸಣ್ಣದಾಯಿತು. ಹಾಳೆ ಮಡಚಿ ಜೇಬಿಗಿಟ್ಟು ಹೊರಟುಹೋದ.

ನುಂಗಿಕೊಂಡ ಆ ಮಾತು ಅವಳನ್ನು ಕಾಡದೆ ಬಿಡಲಿಲ್ಲ. ಫೋನ್ ಮಾಡಬೇಕು... ನಾಳೆ ಮಾಡಿದರಾಯಿತು... ಹೀಗೆ ಮೂರು ವಾರ ಸರಿದವು.

ಒಂದು ಬೆಳಗ್ಗೆ ಅವನು ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು.

"ಶೂ ಒಳಗೆ ಜಡೆ ಒತ್ತಿ ಕಿರುಬೆರಳು ಕಪ್ಪಾಗಿಬಿಟ್ಟಿದೆ. ನಾಳೆ ಬೆರಳು ತೆಗೀತಾರಂತೆ. ನಾನು ಹೆಣೆದಿದ್ದೇ ಬಿಗಿಯಾಯ್ತೋ ಏನೋ... ಬ್ಯಾಂಡೇಜ್ ಮೇಲೆ ಹಾಕೋಕೆ ಸಡಿಲವಾದ ಡಿಸೈನು ಯಾವ್ದಾದ್ರೂ ಆರಿಸಿಕೊಡ್ತೀರಾ?"

ನೂಲಕ್ಕ ಕೈಲಿದ್ದ ಉಣ್ಣೆಯನ್ನು ಕೆಳಗಿಟ್ಟಳು. ಅವನು ತನ್ನನ್ನೇ ದೂರಿಕೊಳ್ಳುತ್ತಿದ್ದಾನೆ... ತಪ್ಪು ಯಾರದು!

"ನಾನೇ ಹೆಣೆದು ತರ್ತೀನಿ," ಎಂದಷ್ಟೇ ಹೇಳಲು ಸಾಧ್ಯವಾಯಿತು.

ಮರುದಿನ ಮಧ್ಯಾಹ್ನ ಆಸ್ಪತ್ರೆಯ ವಾರ್ಡಿನಲ್ಲಿ ಅವನು ಕೂತಿದ್ದ ಸ್ಟೂಲಿನ ಪಕ್ಕದ ಹಾಸಿಗೆಯ ಮೇಲೆ ಮಲಗಿದ್ದವರು ಎಪ್ಪತ್ತು ದಾಟಿದ ಮುದುಕಿ. ಬಿಳಿ ಕೂದಲು, ಮಸುಕಾದ ಕಣ್ಣು.

"ಇವರು..."

"ನಮ್ಮತ್ತೆ. ನನ್ನ ಹೆಂಡತಿಯ ಅಮ್ಮ. ಅವಳು ತೀರಿಕೊಂಡು ಆರು ವರ್ಷ ಆಯ್ತು. ಇವರಿಗೆ ನಾನು, ನನಗೆ ಇವರು."

ಹೆಣೆದು ತಂದ ಕಾಲುಚೀಲವನ್ನು ಎದೆಗೆ ಒತ್ತಿ ಹಿಡಿದು ಅವಳು ಗೋಡೆಗೆ ಆತುಕೊಂಡಳು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹೇಳದೆ ಆದ ಅನಾಹುತ ಕಣ್ಣೆದುರಿಗೇ ಮಲಗಿತ್ತು.

"ನಿಮ್ಮ ಹೆಣಿಗೆ ತಪ್ಪಲ್ಲ. ಜಡೆ ಪಾದಕ್ಕೆ ಇಳೀಬಾರದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ."

"ಯಾಕೆ?"

"ಮನೆಯವರು ಅಂದ್ರೆ ಹೆಂಡತಿ ಅಂದ್ಕೊಂಡೆ... ಹೊಟ್ಟೆಕಿಚ್ಚು. ಇನ್ನೇನು ಹೇಳ್ಲಿ!"

ಅವನು ಅವಳನ್ನು ದಿಟ್ಟಿಸಿ ನೋಡಿದ. ಎದ್ದು ವಾರ್ಡಿನಿಂದ ಹೊರನಡೆದ.

ಮುದುಕಿ ಕೈ ಚಾಚಿ ಅವಳ ಮಣಿಕಟ್ಟು ಹಿಡಿದರು.

"ಜಡೆ ಬೇಕು ಅಂದಿದ್ದು ನಾನೇ ಕಣಮ್ಮ. ಮಗಳಿಗೆ ನಾನು ಹೆಣೀತಿದ್ದಿದ್ದು ಅದನ್ನೇ. ಸಾಯೋ ಮುಂಚೆ ಒಂದ್ಸಲ ಬೆರಳಲ್ಲಿ ಮುಟ್ಟಿ ನೋಡೋ ಆಸೆ ಇತ್ತು."

"ನನ್ನನ್ನ ಕ್ಷಮಿಸಿ ಅಂತ ಕೇಳೋಕೂ ಬಾಯಿ ಬರ್ತಿಲ್ಲಮ್ಮ..."

"ಕಾಲು ನಂದು. ಕ್ಷಮಿಸೋದೂ ನಂದೇ. ಅವನ ಸಿಟ್ಟು ಅವನದು, ಅದಕ್ಕೆ ನಾನು ಜವಾಬ್ದಾರಿ ಅಲ್ಲ."

ಅತ್ತೆ ಮನೆಗೆ ಬಂದ ಮೇಲೆ ನೂಲಕ್ಕ ದಿನಾ ಸಂಜೆ ನಾಲ್ಕಕ್ಕೆ ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ ಅಲ್ಲಿಗೆ ಹೋಗುತ್ತಿದ್ದಳು. ಗಾಯ ತೊಳೆದು ಹೊಸ ಪಟ್ಟಿ ಕಟ್ಟುತ್ತಿದ್ದಳು. ಅತ್ತೆಯ ಆರೈಕೆಗೆಂದು ರಜೆ ಹಾಕಿದ್ದ ಅವನು, ಅವಳು ಬಂದೊಡನೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಲು ನಿಲ್ಲುತ್ತಿದ್ದ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುವ ಸದ್ದು ಕೇಳಿದರೂ ಅವಳು ತಲೆಯೆತ್ತುತ್ತಿರಲಿಲ್ಲ. ಬೈಯಬಾರದೇ... ಒಂದು ಸಲ ಬೈದುಬಿಡಬಾರದೇ!

ಐದನೆಯ ವಾರ ಒಂದು ಸಂಜೆ ನಲ್ಲಿಯ ಸದ್ದು ಕೇಳಲಿಲ್ಲ. ಅವನು ಬಂದು ಎದುರಿಗೆ ನೆಲದ ಮೇಲೆ ಕುಳಿತು ಅತ್ತೆಯ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿ ಹಿಡಿದ. ಅವಳು ಪಟ್ಟಿ ಸುತ್ತಿದಳು.

"ಮಾಯ್ತಾ ಬಂತು," ಎಂದ.

"ಹೂಂ. ಇನ್ನು ನಾಲ್ಕೈದು ದಿನ."

"ಆಮೇಲೆ?"

"ಆಮೇಲೆ... ನಾನು ಬರೋಕೆ ಕಾರಣ ಇರಲ್ಲ."

"ಕಾರಣ ನಾನು ಕೊಟ್ರೆ?"

ಅವಳು ತಟ್ಟನೆ ಅವನತ್ತ ನೋಡಿದಳು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, ಇಲ್ಲದ ನಿದ್ದೆಗೆ ಜಾರಿದರು.

"ನಿಮ್ಮ ಮೇಲೆ ಸಿಟ್ಟಿತ್ತು. ಸುಳ್ಳು ಹೇಳಲ್ಲ, ಇನ್ನೂ ಒಂಚೂರು ಇದೆ," ಎಂದ ಅವನು. "ಆದ್ರೆ ಸಿಟ್ಟಲ್ಲೂ ದಿನಾ ಮೂರೂವರೆಯಿಂದ ಬಾಗಿಲನ್ನೇ ನೋಡ್ತಿದ್ದೆ. ಆ ಮೂರು ವಾರ ನಾನು ಅಂಗಡಿ ಕಡೆ ಬರದೇ ಇದ್ದಾಗಲೂ ಮನಸ್ಸು ಹೀಗೇ ಕಾಯ್ತಿತ್ತು... ಇಷ್ಟ ಅಂದ್ರೆ ಇದೇ ತಾನೇ?"

ಅವಳ ಕಣ್ಣು ತುಂಬಿ ಬಂತು. "ಇಷ್ಟು ದೊಡ್ಡ ತಪ್ಪು ಮಾಡಿದೋಳನ್ನ ನಂಬ್ತೀರಾ?"

"ಯಾರೂ ಕೇಳದ ತಪ್ಪನ್ನ ನೀವೇ ಬಂದು ಒಪ್ಕೊಂಡ್ರಿ. ನಿಮ್ಮನ್ನ ನಂಬದೆ ಇನ್ಯಾರನ್ನ ನಂಬ್ಲಿ?"

ಪಟ್ಟಿಯ ಕೊನೆಯನ್ನು ಅವಳು ಗಂಟು ಹಾಕಿದಳು. ಆ ಗಂಟಿನ ಮೇಲೆಯೇ ಅವನ ಕೈ ಅವಳ ಬೆರಳುಗಳ ಮೇಲೆ ಬಂದು ನಿಂತಿತು. ಅವಳು ಬಿಡಿಸಿಕೊಳ್ಳಲಿಲ್ಲ.

"ಇವತ್ತು ಬೇಗ ಹೋಗ್ಬೇಡಿ," ಎಂದ.

"ಹೋಗಲ್ಲ," ಎಂದಳು.