ಜಿಗಿಯದೆ ಹೋದ ಮುಳ್ಳು

ಆ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಆ ಮನೆಯ ಹಜಾರದಲ್ಲಿ ಹಳೆಯ ಜಾಝ್ ರೆಕಾರ್ಡೊಂದು ಎಲ್ಲಿಯೂ ತಡವರಿಸದೆ ನುಡಿಯುತ್ತಿತ್ತು. ಬೇರೆ ಯಾರ ಮನೆಯಲ್ಲಾದರೂ ಅದು ಸಂತೋಷಪಡುವ ಸಂಗತಿಯೇ. ಆದರೆ ಇಲ್ಲಿ, ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಎಪ್ಪತ್ತರ ಮುದುಕಿ ಹಾಡಿನ ನಡುವೆಯೇ ಹಾವು ತುಳಿದವಳಂತೆ ಎದ್ದು ನಿಂತಳು. ಟ್ರಂಪೆಟ್ ಮೇಲೇರುವ ಜಾಗ ಬಂದಿತ್ತು, ದಾಟಿಯೂ ಹೋಗಿತ್ತು... ‘ಟಕ್’ ಎಂದು ಜಿಗಿಯಬೇಕಾದ ಮುಳ್ಳು ಜಿಗಿಯಲೇ ಇಲ್ಲ!

“ಯಾರು ಮುಟ್ಟಿದ್ದು? ನನ್ನ ರೆಕಾರ್ಡ್ ಯಾರು ಮುಟ್ಟಿದ್ದು?”

ಸೊಸೆ ಅಡಿಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳ ಮುಖದ ತುಂಬ ನಗು. “ನಾನೇ ಅತ್ತೆ! ಇವತ್ತಿಗೆ ನಿಮಗೆ ಎಪ್ಪತ್ತು ತುಂಬ್ತಲ್ಲ... ಹಳೇದಕ್ಕೆ ಗೀರು ಬಿದ್ದು ಎಗರ್ತಿತ್ತು ನೋಡಿ, ಅದಕ್ಕೇ ಅದೇ ರೆಕಾರ್ಡು, ಒಂದು ಗೀರೂ ಇಲ್ಲದ್ದು, ಹುಡುಕಿ ತಂದೆ. ಎರಡು ವರ್ಷ ಹುಡುಕಿದ್ದೀನಿ! ನೋಡಿದ ತಕ್ಷಣ ಗೊತ್ತಾಗಬಾರದು ಅಂತ ನಿಮ್ಮ ಹಳೇ ಕವರಿನಲ್ಲೇ ಹಾಕಿಟ್ಟೆ.”

“ಹಳೇದೆಲ್ಲಿ?”

“ಅದು... ಅಂಗಡಿಯವರಿಗೆ ಕೊಟ್ಟೆ ಅತ್ತೆ. ಅದನ್ನ ಕೊಟ್ರೇನೇ ಇದನ್ನ ಕೊಡೋದು ಅಂದ್ರು.”

ಮುದುಕಿ ಬಿಳಿಚಿಕೊಂಡ ಮುಖದಿಂದ ಸೊಸೆಯನ್ನೇ ನೋಡಿದಳು. ನೋಡುತ್ತಲೇ ಕುರ್ಚಿಯ ತೋಳು ಹಿಡಿದು ಕುಸಿದಳು. “ಹೋಗು... ಹೋಗಿ ತಗೊಂಡು ಬಾ. ಅದು ಸಿಗದೆ ಈ ಮನೆ ಹೊಸಿಲು ತುಳೀಬೇಡ!”

ಕಿಟಕಿಯ ಬಳಿ ಮಗ ಟೀ ಲೋಟ ಹಿಡಿದು ನಿಂತಿದ್ದ. ಪಾಪ, ಹೆಂಡತಿಗೆ ಏನೂ ಅರ್ಥವಾಗಿರಲಿಲ್ಲ. ಅವನಿಗೆ ಎಲ್ಲವೂ ಅರ್ಥವಾಗಿತ್ತು. ಅರ್ಥವಾಗಿಯೂ ತುಟಿ ಪಿಟಕ್ಕೆನ್ನದೆ, ಟೀಯಲ್ಲೇನೋ ಬಿದ್ದಿದೆಯೆಂಬಂತೆ ಲೋಟದೊಳಗೆ ಇಣುಕುತ್ತ ನಿಂತ. ಹಾಗೆ ನಿಲ್ಲುವುದರಲ್ಲಿ ಅವನಿಗೆ ಮೂವತ್ತೆಂಟು ವರ್ಷಗಳ ಅಭ್ಯಾಸವಿತ್ತು!

ಬೀದಿಯವರೆಲ್ಲ ಅವನ ತಾಯಿಯನ್ನು ಹಿಂದಿನಿಂದ ‘ತಟ್ಟೆಯಮ್ಮ’ ಎಂದು ಕರೆಯುತ್ತಿದ್ದರು. ಎದುರಿಗೆ ಕರೆಯುವ ಧೈರ್ಯ ಯಾರಿಗಿತ್ತು? ಗಂಡ ಬೇಗ ತೀರಿಕೊಂಡ ಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ಎರಡು ಮಕ್ಕಳನ್ನು ಸಾಕಿದ ಹೆಂಗಸು ಅವಳು. ದಿನಕ್ಕೆ ಎಂಟು ಗಂಟೆ ಕಿವಿಗೆ ಹೆಡ್‌ಫೋನ್ ಕಟ್ಟಿಕೊಂಡು ಊರವರ ಕೂಗಾಟ, ಬೈಗುಳ, ಸಾವಿನ ಸುದ್ದಿ ಎಲ್ಲವನ್ನೂ ಈ ತಂತಿಯಿಂದ ಆ ತಂತಿಗೆ ದಾಟಿಸಿ ಸೋತ ಕಿವಿಗೆ ಮಾತೇ ಬೇಡವಾಗಿತ್ತು. ಊರು ಬಿಟ್ಟು ಹೊರಟ ಮೇಲಧಿಕಾರಿಯೊಬ್ಬರು ತಮ್ಮ ರೆಕಾರ್ಡ್ ಪ್ಲೇಯರನ್ನೂ ಮೂರು ಜಾಝ್ ರೆಕಾರ್ಡುಗಳನ್ನೂ ಅವಳಿಗೆ ಕೊಟ್ಟು ಹೋದರು. ಮಾತಿಲ್ಲದ ಆ ಟ್ರಂಪೆಟ್, ಆ ಕ್ಲಾರಿನೆಟ್ ಅವಳನ್ನು ಹಿಡಿದವು, ಹಿಡಿದವು ಬಿಡಲಿಲ್ಲ. ಮೂರು ಮೂವತ್ತಾಯಿತು, ಮುನ್ನೂರಾಯಿತು. ಹಳೆಯ ವಿನೈಲ್ ತಟ್ಟೆಗಳು ಹಜಾರದ ಗೋಡೆಯುದ್ದಕ್ಕೂ ಪುಸ್ತಕದ ಹಾಗೆ ನೆಟ್ಟಗೆ ನಿಂತವು. ಒಂದರ ಮೇಲೊಂದು ಪೇರಿಸಿದರೆ ಸೊಟ್ಟಗಾಗುತ್ತವೆ, ನಡುವೆ ಬೆರಳು ತಾಗಿದರೆ ಜಿಡ್ಡು ಕೂರುತ್ತದೆ, ಅಂಚು ಹಿಡಿದೇ ಎತ್ತಬೇಕು, ಮೆತ್ತನೆಯ ಬ್ರಶ್ಶಿನಿಂದ ಒರೆಸದೆ ಮುಳ್ಳು ಇಳಿಸಬಾರದು... ಮನೆಗೆ ಬಂದ ಸೊಸೆಗೆ ಮೊದಲ ದಿನ ಹೇಳಿದ ಬುದ್ಧಿಮಾತು ಇಷ್ಟೇ. ಎಂಟು ವರ್ಷದಲ್ಲಿ ಒಂದು ಸಲವೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡು ಕೇಳಿಸಿರಲಿಲ್ಲ. ಔಷಧದಂಗಡಿಯಲ್ಲಿ ಇಡೀ ದಿನ ನಿಂತು ಕೆಲಸ ಮಾಡಿ ಬರುವ ಆ ಹೆಣ್ಣುಮಗಳು ಏನು ಮಾಡಿದರೂ ಅತ್ತೆ ಮೂಗು ಮುರಿಯುತ್ತಿದ್ದಳು. ಒಂದೇ ಒಂದು ಸಲ ಅತ್ತೆಯ ಬಾಯಲ್ಲಿ ‘ಭೇಷ್’ ಅನ್ನಿಸಿಕೊಳ್ಳಬೇಕೆಂಬ ಆಸೆಗೆ ಅವಳು ಈ ಸಾಹಸಕ್ಕೆ ಕೈಹಾಕಿದ್ದಳು.

ಪ್ರತಿ ಭಾನುವಾರ ಅತ್ತೆ ಮೊದಲು ಹಾಕುತ್ತಿದ್ದದ್ದು ಆ ಗೀರು ಬಿದ್ದ ರೆಕಾರ್ಡನ್ನೇ. ಏಕೆಂದು ಅವಳು ಹೇಳಿರಲಿಲ್ಲ, ಕೇಳುವ ಧೈರ್ಯ ಸೊಸೆಗಿರಲಿಲ್ಲ. ಗೊತ್ತಿದ್ದವನು ಮಗ ಒಬ್ಬನೇ. ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ.

ಆಗ ಅವನಿಗೆ ಆರು ವರ್ಷ, ಗೋಡೆಯ ಫೋಟೋದಲ್ಲಿರುವ ಅಕ್ಕನಿಗೆ ಒಂಬತ್ತು. ಅಮ್ಮ ಕೆಲಸಕ್ಕೆ ಹೋಗಿದ್ದಾಗ ಟ್ರಂಪೆಟ್ ಏರುವ ತುಣುಕನ್ನೇ ಮತ್ತೆ ಕೇಳಬೇಕೆಂದು ಅವನು ಮುಳ್ಳಿನ ಕೈಯನ್ನು ಹಿಡಿದು ಹಿಂದಕ್ಕೆಳೆದ. ಕರ್ರ್... ಎಂದಿತು! ಓಡಿಬಂದ ಅಕ್ಕ ತಟ್ಟೆ ತೆಗೆದು ಕವರಿಗೆ ಹಾಕುತ್ತಿರುವಾಗಲೇ ಅಮ್ಮ ಒಳಗೆ ಬಂದಳು. ಗೀರು ನೋಡಿದಳು. ಪಿತ್ತ ನೆತ್ತಿಗೇರಿ ಮಗಳ ಕೆನ್ನೆಗೆ ಬಾರಿಸಿದಳು. ಅದಾಗಿ ಹದಿನೈದು ದಿನಕ್ಕೆ ಹುಡುಗಿಗೆ ಜ್ವರ ಬಂತು. ನಾಲ್ಕನೆಯ ದಿನ ಅವಳು ಇರಲಿಲ್ಲ...

ಗಂಡ ಹೆಂಡತಿ ಇಬ್ಬರೂ ಹಳೆ ಸಾಮಾನಿನ ಅಂಗಡಿಗೆ ಓಡಿದರು. ಹೊರಗೆ ಬಣ್ಣ ಹೋದ ಮೇಜುಗಳು, ಒಳಗೆ ಗಡಿಯಾರ, ದೀಪದ ಬುರುಡೆ, ಧೂಳು. ಅಂಗಡಿಯವನು ಒಳ್ಳೆಯ ಮನುಷ್ಯ, ಉತ್ಸಾಹದ ಮನುಷ್ಯ. ಅದೇ ದೊಡ್ಡ ತೊಂದರೆಯಾಗಿತ್ತು.

“ಗುರುವಾರ ಕೊಟ್ರಲ್ಲ ಮೇಡಂ, ಅದಾ? ಗೀರು ಬಿದ್ದ ರೆಕಾರ್ಡು ಹಾಡೋಕೆ ಬರಲ್ಲ, ಆದ್ರೆ ಹಣ್ಣಿಡೋಕೆ ಬರತ್ತೆ!” ಎಂದು ಹೆಮ್ಮೆಯಿಂದ ಮೇಲಿನ ಸಾಲು ತೋರಿಸಿದ. ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ, ಪಾತ್ರೆಯ ಮೇಲೆ ಕವುಚಿ, ಅಂಚು ನಿರಿಗೆ ಹಿಡಿದ ಏಳು ಕಪ್ಪು ಬಟ್ಟಲುಗಳು ಅಲ್ಲಿ ಸಾಲಾಗಿ ಕೂತಿದ್ದವು. ಮೂರನೆಯದರ ತಳದ ಲೇಬಲ್ಲಿನಲ್ಲಿ ಅಮ್ಮನ ಕೈಬರಹದಲ್ಲಿ ಸಣ್ಣಗೆ ‘೪೧’ ಎಂದಿತ್ತು, ಅವಳು ಪ್ರತಿ ತಟ್ಟೆಗೂ ಹಾಕುತ್ತಿದ್ದ ಕ್ರಮಸಂಖ್ಯೆ.

ಅವನದು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಕಣ್ಣಿಗೆ ಕಾಣದ ಗೀರನ್ನೂ ಹೆಬ್ಬೆರಳಿನಿಂದ ಹಿಡಿಯಬಲ್ಲ. ಬಟ್ಟಲಿನ ಒಳಗೋಡೆಯ ಮೇಲೆ ಬೆರಳಾಡಿಸಿದ. ಇತ್ತು. ನಿರಿಗೆಯ ಜೊತೆ ಏರಿ ಇಳಿದು ಹಾಗೆಯೇ ಇತ್ತು.

ದಾರಿಯಲ್ಲಿ ಹೆಂಡತಿ ಬಟ್ಟಲನ್ನು ಎದೆಗವಚಿಕೊಂಡು ನಡೆದಳು. “ರೀ, ಅದರಲ್ಲಿ ಅಂಥದ್ದೇನಿತ್ತು? ನಿಮಗೇನಾದ್ರೂ ಗೊತ್ತಾ?”

“ಏನೋಪ್ಪ... ವಯಸ್ಸಾಯ್ತಲ್ಲ ಅಮ್ಮನಿಗೆ,” ಎಂದ ಅವನು. ಎಂದ ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮನೆಯಲ್ಲಿ ಅಮ್ಮ ಕುಸಿದು ಕೂತ ಕುರ್ಚಿಯಲ್ಲೇ ಇದ್ದಳು. ಹೊಸ ರೆಕಾರ್ಡು ಮುಗಿದು, ಮುಳ್ಳು ಕೊನೆಯ ಗೆರೆಯಲ್ಲಿ ಸುತ್ತುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದೂ ಅವಳಿಗೆ ತೋಚಿರಲಿಲ್ಲ. ಸೊಸೆ ಬಟ್ಟಲನ್ನು ಅವಳ ಮಡಿಲಲ್ಲಿಟ್ಟು ಕಾಲ ಬಳಿ ಕೂತಳು. “ತಪ್ಪಾಯ್ತು ಅತ್ತೆ... ನಿಮಗೆ ಖುಷಿಯಾಗಲಿ ಅಂತ ಮಾಡಿದ್ದು. ದೇವರಾಣೆ!”

ಅಮ್ಮ ಬಟ್ಟಲಿನೊಳಗೆ ಬೆರಳಿಟ್ಟಳು. ಗೀರು ಸಿಕ್ಕಿತು. ಅವಳ ಮುಖ ಕಿವುಚಿಹೋಯಿತು.

“ಇದು ನನ್ನ ಮಗಳು ಎಳೆದ ಗೀರು ಕಣೇ! ಒಂಬತ್ತು ವರ್ಷದ ಮಗು ಕೈತಪ್ಪಿ ಎಳೆದದ್ದು. ಇದಕ್ಕೆ ನಾನು ಅವಳನ್ನ ಹೊಡೆದೆ. ಕೆನ್ನೆ ಮೇಲೆ ನನ್ನ ಐದೂ ಬೆರಳು ಮೂಡಿತ್ತು. ಸಮಾಧಾನ ಮಾಡೋಣ ಅಂದ್ಕೊಂಡೆ... ಆಮೇಲೆ ಮಾಡೋಣ, ಭಾನುವಾರ ಮಾಡೋಣ ಅಂದ್ಕೊಂಡೆ. ಅಷ್ಟರಲ್ಲಿ ಅವಳೇ ಹೊರಟುಹೋದಳು! ಆ ಮುಳ್ಳು ‘ಟಕ್’ ಅಂದಾಗಲೆಲ್ಲ ನನ್ನ ಈ ಕೈ ಉರಿಯತ್ತೆ. ಉರೀಲಿ ಅಂತಾನೇ ಹಾಕ್ತಿದ್ದೆ. ಅವಳದು ಅಂತ ನಂಗೆ ಉಳಿದಿದ್ದು ಅದೊಂದು ಸದ್ದು. ಅದನ್ನೂ ಕುದಿಯೋ ನೀರಿಗೆ ಹಾಕಿಸಿದೆಯಲ್ಲೇ... ಹೋಗು. ನಿನ್ನ ತವರಿಗೆ ಹೋಗು. ನಿನ್ನ ಮುಖ ನೋಡೋಕೆ ನನ್ನಿಂದಾಗಲ್ಲ!”

ಸೊಸೆ ಗಂಡನ ಕಡೆ ಒಮ್ಮೆ ನೋಡಿದಳು. ಏನಾದರೂ ಹೇಳಿ, ಒಂದೇ ಒಂದು ಮಾತು, ಎನ್ನುವಂತಿತ್ತು ಆ ನೋಟ. ಅವನು ನೆಲ ನೋಡಿದ. ಅವಳು ಎದ್ದು ಕೋಣೆಗೆ ಹೋದಳು. ಬೀರು ತೆಗೆದ ಸದ್ದು, ಬಟ್ಟೆ ಮಡಿಸುವ ಸದ್ದು, ಕೊನೆಗೆ ಚೀಲದ ಜಿಪ್ಪು ಎಳೆದ ಸದ್ದು... ಪ್ರತಿಯೊಂದೂ ಅವನ ಎದೆಗೆ ಬಂದು ಬಡಿಯಿತು. ತಾನು ಮಾಡಿದ್ದಕ್ಕೆ ಒಬ್ಬಳು ಏಟು ತಿಂದಳು. ಈಗ ಇನ್ನೊಬ್ಬಳು ಮನೆ ಬಿಟ್ಟು ಹೋಗುತ್ತಿದ್ದಾಳೆ. ಆಗ ಆರು ವರ್ಷ, ಏನೂ ತಿಳಿಯದ ವಯಸ್ಸು ಎನ್ನಬಹುದು. ಈಗ ನಲವತ್ತನಾಲ್ಕು. ಈಗೇನೆನ್ನುವುದು?

“ಅಮ್ಮಾ!” ಎಂದ ಅವನು. “ಗೀರು ಎಳೆದಿದ್ದು ಅಕ್ಕ ಅಲ್ಲಮ್ಮ.”

ಅಮ್ಮ ತಲೆಯೆತ್ತಿದಳು.

“ನಾನು. ನಾನೇ ಎಳೆದೆ. ಅಕ್ಕ ಅದನ್ನ ಕವರಿಗೆ ಹಾಕ್ತಿದ್ಲು ಅಷ್ಟೇ. ನೀನು ಬರೋದು ನೋಡಿ ನಾನು ಬಾಗಿಲ ಹಿಂದೆ ಅವಿತುಕೊಂಡೆ...”

ಅಮ್ಮ ಎದ್ದಳು. ಮಡಿಲಲ್ಲಿದ್ದ ಬಟ್ಟಲು ನೆಲಕ್ಕುರುಳಿತು. ಬಂದು ಮಗನೆದುರು ನಿಂತು ಕೈ ಎತ್ತಿದಳು. ಅವನು ಕೆನ್ನೆ ಸರಿಸಲಿಲ್ಲ. ಹೊಡೆಯಲಿ, ಹೊಡೆದುಬಿಡಲಿ ಎಂದು ಕಣ್ಣು ಮುಚ್ಚಿದ. ಆದರೆ ಎತ್ತಿದ ಕೈ ಹಾಗೆಯೇ ನಿಂತಿತು. ಅವಳು ತನ್ನ ಅಂಗೈಯನ್ನೇ ನೋಡುತ್ತಿದ್ದಳು.

“ಅವಳು ನಿನ್ನ ಹೆಸರು ಯಾಕೋ ಹೇಳಲಿಲ್ಲ?”

“ಬಾಗಿಲ ಸಂದಿಯಿಂದ ಅವಳಿಗೆ ಕೈಮುಗಿದೆ ಅಮ್ಮ... ಹೇಳಬೇಡ ಅಂತ. ಅವಳು ನನ್ನನ್ನ ನೋಡಿದಳು. ಆಮೇಲೆ ನಿನ್ನನ್ನ ನೋಡಿದಳು. ಸುಮ್ಮನಾದಳು.”

“ತಪ್ಪೇ ಮಾಡದ ಮಗುನ ಹೊಡೆದ್ನಲ್ಲೋ!” ಎಂದು ಆ ಗಟ್ಟಿ ಹೆಂಗಸು ಎದೆ ಎದೆ ಬಡಿದುಕೊಂಡು ಅತ್ತಳು. ಮಗಳು ಹೋದ ದಿನವೂ ಯಾರ ಮುಂದೆಯೂ ಕಣ್ಣೀರು ಹಾಕದವಳು! “ಮೂವತ್ತೆಂಟು ವರ್ಷ ಪ್ರತಿ ಭಾನುವಾರ ಪಕ್ಕದಲ್ಲೇ ಕೂತು ಕೇಳಿದೆಯಲ್ಲೋ... ಒಂದು ದಿನ, ಒಂದೇ ದಿನ ಹೇಳಬೇಕು ಅನ್ನಿಸಲಿಲ್ವೇನೋ ನಿಂಗೆ?”

“ಪ್ರತಿ ಭಾನುವಾರ ಅನ್ನಿಸ್ತಿತ್ತು ಅಮ್ಮ.”

ಸೊಸೆ ಚೀಲ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ಬೆಳಗಿನಿಂದ ಅಂಗಡಿಯಲ್ಲಿ, ದಾರಿಯಲ್ಲಿ, ಈ ಹಜಾರದಲ್ಲಿ ತಾನು ಕಳ್ಳಿಯಂತೆ ತಲೆತಗ್ಗಿಸಿ ನಿಂತಾಗಲೂ ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು... ಅವಳು ಅವನನ್ನು ದಾಟಿಕೊಂಡು ಬೀದಿಬಾಗಿಲಿಗೆ ನಡೆದಳು. ತಡೆಯಲು ಅವನಿಗೆ ಬಾಯೂ ಇರಲಿಲ್ಲ, ಮುಖವೂ ಇರಲಿಲ್ಲ.

“ಏ, ಎಲ್ಲಿಗೆ ಹೊರಟೆ?” ಎಂದಳು ಅತ್ತೆ, ಅಳುವಿನ ನಡುವೆಯೇ.

“ನೀವೇ ಹೋಗು ಅಂದ್ರಲ್ಲ ಅತ್ತೆ.”

“ಅಂದೆ. ಅವತ್ತೂ ವಿಚಾರಿಸದೆ ಹೊಡೆದೆ, ಇವತ್ತೂ ವಿಚಾರಿಸದೆ ಅಂದೆ. ನಂಗೆ ಬುದ್ಧಿ ಬರಲಿಲ್ಲ.” ಮುದುಕಿ ಗೋಡೆಗೊರಗಿ ಮೆಲ್ಲಗೆ ನೆಲಕ್ಕೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಮಗನ ಕಡೆ ಬೆರಳು ತೋರಿಸಿದಳು. “ಇವನನ್ನ ಕ್ಷಮಿಸಬೇಕಲ್ಲ ನಾನು... ಹೆತ್ತಿದ್ದೀನಿ, ಕ್ಷಮಿಸಲೇಬೇಕು. ಆದ್ರೆ ಒಬ್ಬಳ ಕೈಲಿ ಆಗಲ್ಲ ಕಣೇ. ನೀನೂ ಜೊತೆಗಿರು.”

ಸೊಸೆ ಹೊಸಿಲಿನಿಂದ ಹಿಂದಿರುಗಿದಳು. ಚೀಲವನ್ನು ಗೋಡೆಗೆ ಸೇರಿಸಿಟ್ಟಳು. ಗಂಡನ ಕಡೆ ನೋಡಲಿಲ್ಲ. ಬಂದು ಅತ್ತೆಯ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ನೆಲದ ಮೇಲೆ ಕೂತಳು.